ಬಾವಿಗೆ ಬಿಟ್ಟ ಬೋರಿನ ನೀರು

ನನ್ನ ಓರಗಿತ್ತಿಯನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನಿಂದ ನ್ಯಾಯದ ಮಾತು ನಿರೀಕ್ಷಿಸಬಾರದು. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಬಂದ ವಾರಕ್ಕೇ, ನಾನು ಮಾಡಿದ ಸಾರಿಗೆ ಎಲ್ಲರೆದುರು ಮೂಗು ಮುರಿದವಳು. ಸಾರು ಕೆಟ್ಟದಾಗಿಯೇ ಇತ್ತು, ಅದು ಬೇರೆ ಮಾತು.

ನಮ್ಮ ಮಾವನವರ ತಂದೆ ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದವರು. ಪಾಲಾದಾಗ ಕಾಫಿ ತೋಟ ಎರಡಾಯಿತು, ಮನೆ ಎರಡಾಯಿತು, ಹಸುಗಳನ್ನೂ ಹಂಚಿಕೊಂಡರು. ಬಾವಿಯನ್ನು ಮಾತ್ರ ಹಂಚಲಾಗಲಿಲ್ಲ. ಎರಡು ತೋಟಗಳ ನಡುವೆ ಕಲ್ಲು ಕಟ್ಟಿದ ತೆರೆದ ಬಾವಿ. ಕಟ್ಟೆಯ ಈ ಬದಿಗೆ ನಮ್ಮ ಮೋಟರು, ಆ ಬದಿಗೆ ಅವರದು. ಕುಡಿಯುವುದಕ್ಕೂ ಅದೇ ನೀರು, ತೋಟಕ್ಕೂ ಅದೇ. ಒಳ್ಳೆಯ ಸಿಹಿ ನೀರು. ಆ ನೀರಿನಲ್ಲಿ ಬೇಳೆ ಬೇಯುವುದಕ್ಕಿಂತ ಬೇಗ ನನಗೂ ಅವಳಿಗೂ ಜಗಳ ಹತ್ತಿಕೊಳ್ಳುತ್ತಿತ್ತು.

ರೊಬಸ್ಟಾ ಕಾಫಿಗೆ ಬೇಸಿಗೆಯಲ್ಲಿ ಎರಡು ನೀರು ಬೇಕು. ಮೊದಲನೆಯದು ಹೂವಿಗೆ. ಸ್ಪ್ರಿಂಕ್ಲರ್ ಹಾಕಿ ನೆನೆಸಿದರೆ ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡನೆಯದಕ್ಕೆ ಬ್ಯಾಕಿಂಗ್ ಅನ್ನುತ್ತೇವೆ. ಹೂವು ಬಾಡಿದ ಮೇಲೆ ಹೊತ್ತಿಗೆ ಸರಿಯಾಗಿ ಅದನ್ನು ಕೊಡದಿದ್ದರೆ ಕಾಯಿ ಕಟ್ಟುವುದಿಲ್ಲ. ಮೊದಲ ನೀರು ಕೊಟ್ಟವರು ಹಿಂದೆ ಸರಿಯುವ ಹಾಗಿಲ್ಲ. ಮಳೆ ಬಂದರೆ ಸರಿ, ಬಾರದಿದ್ದರೆ ಬಾವಿಯೇ ಗತಿ.

ಬಾವಿಯ ನೀರು ಸಾಲದಾದಾಗ ನಾನು ಬೋರ್ ಹೊಡೆಸಿದೆ. ನಮ್ಮ ಮನೆಯವರು ಬೇಡ ಅಂದರು, ಆದರೆ ಅವರ ಮಾತು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ತುಂಬಾ ಆಳಕ್ಕೆ ಹೋದ ಮೇಲೆ ನೀರು ಸಿಕ್ಕಿತು, ಅದೂ ಸಣ್ಣ ಧಾರೆ. ಅಷ್ಟು ನೀರಿಗೆ ಸ್ಪ್ರಿಂಕ್ಲರ್ ತಿರುಗುವುದಿಲ್ಲ. ಹಾಗಾಗಿ ಅದನ್ನು ಬಾವಿಗೆ ಬಿಟ್ಟು, ತುಂಬಿದ ಮೇಲೆ ದೊಡ್ಡ ಮೋಟರಿನಿಂದ ಎತ್ತಿದೆ. ಆ ವರ್ಷ ಅವಳೂ ಅದೇ ನೀರನ್ನು ಎತ್ತಿ ತನ್ನ ತೋಟ ನೆನೆಸಿಕೊಂಡಳು. ಒಂದು ಒಳ್ಳೆಯ ಮಾತು ಅವಳ ಬಾಯಿಂದ ಬರಲಿಲ್ಲ.

ಮರುವರ್ಷ ಹೂವಿನ ನೀರು ಮುಗಿಯುವ ಹೊತ್ತಿಗೆ ಬೇಳೆ ಬೇಯುವುದು ನಿಂತಿತು. ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟಿತು. ನೀರು ಬಾಯಿಗೆ ಸವಳು. ಅವಳು ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ, ಹಾಗಾಗಿ ಬಾವಿಯ ಹತ್ತಿರ ತನ್ನ ಹಸುವಿಗೆ ಹೇಳಿದಳು.

"ಕುಡಿಯವ್ವ, ಕುಡಿ. ಸಮುದ್ರದ ನೀರ್ನ ಮನೆ ಬಾಗ್ಲಿಗೇ ತರ್ಸವ್ರೆ."

ನಾನು ನಮ್ಮ ನಾಯಿಗೆ ಹೇಳಿದೆ. "ಹೋದ್ವರ್ಷ ಇದೇ ನೀರ್ನ ಎತ್ಕೊಂಡೋರು ಯಾರು ಅಂತ ಕೇಳು."

ನಮ್ಮ ಮೋಟರಿನ ರಿಪೇರಿಗೆ ಬಂದ ಮಲಯಾಳಿ ಮೆಕ್ಯಾನಿಕ್ ಬೋರಿನ ಪೈಪು ಬಿಚ್ಚಿ, ಒಳಗೆ ಕಟ್ಟಿದ್ದ ಬಿಳಿ ಹಕ್ಕಳೆಯನ್ನು ಉಗುರಿನಿಂದ ಕೆರೆದು ನಮ್ಮಿಬ್ಬರಿಗೂ ತೋರಿಸಿದ.

"ಇದು ಬೋರಿನ ನೀರಿಂದ ಅಕ್ಕಾ. ಅಷ್ಟು ಆಳದಲ್ಲಿ ಕಲ್ಲಿನ ಉಪ್ಪುಂಟು, ಎಳೆದಷ್ಟೂ ಅದೇ ಮೇಲೆ ಬರ್ತದೆ. ಬೋರ್ ನಿಲ್ಸಿ. ಬಾವಿಯನ್ನೂ ಪೂರಾ ಬತ್ತಿಸ್ಬೇಡಿ. ಒಂದು ದಿನ ಅವ್ರು, ಒಂದು ದಿನ ನೀವು. ಇಲ್ಲಾಂದ್ರೆ ಕುಡಿಯೋಕೆ ಈ ನೀರು ಇರೋದಿಲ್ಲ."

ಬಾವಿಯೊಳಗಿನ ಒಂದು ಕಲ್ಲಿಗೆ ಅವನೇ ಕೆಂಪು ಬಣ್ಣ ಬಳಿದ. ನೀರು ಅದಕ್ಕಿಂತ ಕೆಳಗಿಳಿದರೆ ಯಾರೂ ಮೋಟರು ಹಾಕಬಾರದು ಅಂದ. ಇಬ್ಬರೂ ತಲೆಯಾಡಿಸಿದೆವು. ಅವಳು ಬಣ್ಣ ಕಂಡ ಗಳಿಗೆಯಲ್ಲೇ ಸ್ವಿಚ್ಚು ಆರಿಸುತ್ತಿದ್ದಳು. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು, ಆದರೆ ಮೈ ಉರಿಯುತ್ತಿತ್ತು. ಒಳ್ಳೆಯವಳೆನಿಸಿಕೊಳ್ಳಲು ಅವಳಿಗೆ ಯಾವಾಗಲೂ ಒಂದು ದಾರಿ ಸಿಗುತ್ತದೆ.

ಬೋರ್ ನಿಲ್ಲಿಸಿದ ಎರಡು ವಾರಕ್ಕೆ ನೀರಿನ ರುಚಿ ಸ್ವಲ್ಪ ತಿರುಗಿತ್ತು. ಅಷ್ಟರಲ್ಲಿ ಬ್ಯಾಕಿಂಗ್ ಕೊಡುವ ಹೊತ್ತು ಬಂತು. ಪಾಲಿಬೆಟ್ಟದಲ್ಲಿ ಮಳೆ ಬಂತಂತೆ, ಬಿಟ್ಟಂಗಾಲದಲ್ಲೂ ಬಂತಂತೆ, ನಮ್ಮ ಕಡೆ ಮೋಡ ತಲೆಯೇ ಹಾಕಲಿಲ್ಲ. ಹಾರಂಗಿ ಅಣೆಕಟ್ಟು ಕೂಗಳತೆಯಲ್ಲಿದ್ದರೂ ಅದರ ಕಾಲುವೆ ನಮ್ಮ ದಿಣ್ಣೆಗೆ ಹತ್ತುವುದಿಲ್ಲ. ನನ್ನ ದಿನದಲ್ಲಿ ಮೋಟರು ಹಾಕಿದ ಎರಡೇ ಗಂಟೆಗೆ ಕೆಂಪು ಬಣ್ಣ ಕಾಣಿಸಿತು. ತೋಟದ ಕಾಲು ಭಾಗವೂ ನೆನೆದಿರಲಿಲ್ಲ.

ನಾನು ಬೋರಿನ ಸ್ವಿಚ್ಚು ಹಾಕಿದೆ.

ಬೋರಿನ ಮೋಟರು ನೆಲದಾಳದಲ್ಲಿರುತ್ತದೆ, ಅದರ ಸದ್ದು ಕೇಳುವುದಿಲ್ಲ. ಸದ್ದು ಮಾಡುವುದು ಬಾವಿಗೆ ಬೀಳುವ ನೀರು. ಅದಕ್ಕೇ ಪೈಪಿನ ತುದಿಗೆ ಕಲ್ಲು ಕಟ್ಟಿ ನೀರಿನೊಳಕ್ಕೆ ಮುಳುಗಿಸಿದೆ. ಕಟ್ಟೆಯ ಮೇಲಿನ ಪೈಪಿಗೆ ಒಣಗಿದ ಎಲೆ ಹರಡಿದೆ. ನೀರು ಏರಿದ್ದು ಕಂಡರೆ ಬಾವಿಯ ಸೆಲೆಯೇ ಚೆನ್ನಾಗಿ ಬರುತ್ತಿದೆ ಅಂತ ಅವಳು ಅಂದುಕೊಳ್ಳಲಿ ಅಂತ ಲೆಕ್ಕ ಹಾಕಿದ್ದೆ. ನಮ್ಮ ಮನೆಗೆ ಕುಶಾಲನಗರದಿಂದ ನೀರಿನ ಕ್ಯಾನು ತರಿಸಿ ಅಕ್ಕಿ ಮೂಟೆಯ ಹಿಂದೆ ಇಟ್ಟೆ. ಅವಳ ಮನೆಯವರು ಕುಡಿಯುವುದು ಯಾವ ನೀರು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಕೊಡ ಹಿಡಿದುಕೊಂಡು ಬಂದಳು. ನಾನು ಮೋಟರಿನ ಶೆಡ್ಡಿನೊಳಗಿದ್ದೆ. ಕಳ್ಳನ ಮನಸ್ಸು ಹುಳ್ಳಗೆ ಅನ್ನುತ್ತಾರಲ್ಲ, ಕದದ ಸಂದಿಯಿಂದ ನೋಡುತ್ತಾ ನಿಂತೆ. ಹಗ್ಗದಲ್ಲಿ ಬಿಟ್ಟ ಕೊಡ ಪೈಪಿಗೆ ಸಿಕ್ಕಿಕೊಂಡಿತು. ಅವಳು ಬಗ್ಗಿ ನೋಡಿದಳು, ಪೈಪನ್ನು ಕೈಯಿಂದ ಮೇಲೆಳೆದಳು. ತುದಿಯಿಂದ ನೀರು ಬರುತ್ತಲೇ ಇತ್ತು. ಬೊಗಸೆಯೊಡ್ಡಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು, ಉಗಿದಳು. ಆಮೇಲೆ ಕಲ್ಲಿನ ಕಟ್ಟು ಸಡಿಲವಾಗಿಲ್ಲವೆಂದು ನೋಡಿ, ಪೈಪನ್ನು ಮೊದಲಿದ್ದ ಹಾಗೇ ನೀರಿಗೆ ಇಳಿಬಿಟ್ಟಳು. ಖಾಲಿ ಕೊಡ ತೆಗೆದುಕೊಂಡು ಹೋದಳು.

ಸಂಜೆಯೊಳಗೆ ಜಗಳಕ್ಕೆ ಬರುತ್ತಾಳೆ ಅಂತ ಕಾದೆ. ಉತ್ತರಗಳನ್ನು ಸಾಲಾಗಿ ಜೋಡಿಸಿಟ್ಟಿದ್ದೆ. ರಸ್ತೆ ಬದಿಯ ಪಾಲು ನಿಮಗೆ ಹೋಗಲಿಲ್ಲವೇ, ಅತ್ತೆಯ ಬಳೆ ಎಲ್ಲಿ ಹೋಯಿತು, ಹೀಗೆ ಹಳೆಯದೆಲ್ಲ. ಅವಳು ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಭಾವನೂ ಒಬ್ಬ ಆಳೂ ಬಂದು ಕಟ್ಟೆಯ ಮೇಲಿದ್ದ ಅವರ ಮೋಟರನ್ನು ಬಿಚ್ಚಿಕೊಂಡು ಹೋದರು. ಬಾವಿಯಲ್ಲಿ ನೀರು ಮುಕ್ಕಾಲು ಏರಿತ್ತು. ಆದರೂ ತನ್ನ ತೋಟಕ್ಕೆ ಒಂದು ಹನಿಯನ್ನೂ ಅವಳು ಎತ್ತಲಿಲ್ಲ. ನನ್ನ ಕಡೆ ಸ್ಪ್ರಿಂಕ್ಲರ್ ತಿರುಗುತ್ತಿತ್ತು, ಅವಳ ಕಡೆ ಬಾಡಿದ ಹೂವು ಕಾಯಿ ಕಟ್ಟದೆ ಕೊಂಬೆಯಲ್ಲೇ ಕಂದಿ ಒಣಗಿತು. ನಾಟಕ ಆಡುತ್ತಿದ್ದಾಳೆ ಅಂತ ನಮ್ಮ ಮನೆಯವರಿಗೆ ಹೇಳಿದೆ. ಅವರು ಪೇಪರು ಮುಖಕ್ಕೆ ಹಿಡಿದರು.

ಆಮೇಲೆ ಬೇಲಿ ಬಂತು. ಕಲ್ಲಿನ ಕಂಬ ನೆಡುತ್ತಾ ಬಂದ ಆಳುಗಳು ಬಾವಿಯ ಹತ್ತಿರ ಬಂದಾಗ ಅದನ್ನು ಸುತ್ತಿಕೊಂಡು ಹೋಗಿ, ಪೂರಾ ನನ್ನ ಕಡೆಗೆ ಬಿಟ್ಟರು. ಅವಳು ಅಲ್ಲೇ ನಿಂತು ಮಾಡಿಸುತ್ತಿದ್ದಳು. ಹಸು ನಾಯಿಗಳ ಹಂಗಿಲ್ಲದೆ ಅಂದು ನಾನೇ ಬಾಯಿಬಿಟ್ಟೆ.

"ಅಕ್ಕ, ಬಾವೀಲಿ ನಿಮ್ಗೂ ಅರ್ಧ ಐತಲ್ಲ."

"ಪೂರಾ ನೀನೇ ಇಟ್ಕೊ," ಅಂದಳು. ಮುಖ ನನ್ನ ಕಡೆ ತಿರುಗಿಸಲಿಲ್ಲ.

ನನ್ನ ತೋಟದಲ್ಲಿ ಆ ವರ್ಷ ಕೊಂಬೆ ಬಾಗುವಷ್ಟು ಕಾಯಿ ಬಂತು. ಅದನ್ನು ನೋಡಿ ಹೊಟ್ಟೆ ತುಂಬಬೇಕಿತ್ತು. ಅವಳು ದಿನಾ ರಸ್ತೆ ಬದಿಯ ಪಂಚಾಯತಿ ನಲ್ಲಿಗೆ ಹೋಗಿ, ಸರದಿಯಲ್ಲಿ ನಿಂತು ನೀರು ಹೊತ್ತು ತರುತ್ತಿದ್ದಳು. ದಾರಿ ನಮ್ಮ ಬಾವಿಯ ಪಕ್ಕದ ಬೇಲಿಗುಂಟ. ಎರಡು ಕೊಡ, ದಿನಕ್ಕೆ ಮೂರು ಸಲ, ಮಂಡಿ ನೋವು ಬೇರೆ. ನನಗೆ ಕಾಣಲಿ ಅಂತಲೇ ಆ ದಾರಿ ಹಿಡಿಯುತ್ತಾಳೆ ಅಂತ ಬಹಳ ದಿನ ಅಂದುಕೊಂಡೆ. ಬೇರೆ ದಾರಿಯೇ ಇಲ್ಲ ಅನ್ನುವುದು ನನಗೂ ಗೊತ್ತು.

ಮುಂಗಾರು ಜೋರಾಗಿ ಹಿಡಿಯಿತು. ಬೋರಿನ ಸ್ಟಾರ್ಟರ್‌ನ ಫ್ಯೂಸು ನಾನೇ ಕಿತ್ತಿಟ್ಟೆ. ಬಾವಿ ಕಟ್ಟೆಯ ಹತ್ತಿರಕ್ಕೆ ತುಂಬಿತು, ಒಂದೆರಡು ತಿಂಗಳಲ್ಲಿ ನೀರು ಮೊದಲಿನಂತೆ ಸಿಹಿಯಾಯಿತು. ಅದನ್ನು ಅವಳಿಗೆ ಹೇಳಬೇಕೆಂದು ಮೂರು ಸಲ ಬೇಲಿಯ ತನಕ ಹೋಗಿ ತಿರುಗಿ ಬಂದೆ. ಸಿಹಿಯಾಗಿದೆ ಅಂದರೆ, ಕೆಡಿಸಿದವಳು ನಾನೇ ಅಂತ ಒಪ್ಪಿಕೊಂಡ ಹಾಗೆ. ನಾಲ್ಕನೆಯ ಸಲ ಹೇಳಿದೆ. ಅವಳು ಕೊಡ ಹೊತ್ತು ಬರುತ್ತಿದ್ದಳು.

"ಅಕ್ಕ, ನೀರು ಸರಿಹೋಗೈತೆ. ಬೇಕಾದ್ರೆ ಕುಡ್ದು ನೋಡಿ."

ಅವಳು ಸೊಂಟದ ಕೊಡವನ್ನು ಇನ್ನೊಂದು ಬದಿಗೆ ಬದಲಾಯಿಸಿಕೊಂಡಳು.

"ಗೊತ್ತು ಕಣೆ," ಅಂದಳು. "ನೀರಿನ ಮೇಲೆ ನಂಗೇನೂ ಸಿಟ್ಟಿಲ್ಲ."

ಅಷ್ಟು ಹೇಳಿ ಮನೆಯ ಕಡೆ ನಡೆದಳು.