ಪಿನ್ನಿನ ತೂತು ಮತ್ತು ಮೈಕ್ ಮುನಿರಾಜಪ್ಪ

ಹೊಸೂರು ಕಡೆಯ ಗಡಿಯೂರು ಬೇರಿಕೆಯ ಸುತ್ತಮುತ್ತ ಎಲ್ಲಕ್ಕಿಂತ ಜೋರು ಸದ್ದು ಮಾಡುವ ಸಾಮಾನು ಇದ್ದದ್ದು ಮುನಿರಾಜಪ್ಪ ಮಾಮನ ಅಂಗಡಿಯಲ್ಲಿ. ಅಷ್ಟು ಮೆತ್ತಗೆ ಮಾತಾಡುವ ಮನುಷ್ಯನೂ ಇಡೀ ಊರಿನಲ್ಲಿ ಇನ್ನೊಬ್ಬ ಇರಲಿಲ್ಲ. ಅವರ ಮಾತು ಕೇಳಬೇಕಾದರೆ ಬಗ್ಗಿ ಕಿವಿ ಕೊಡಬೇಕಿತ್ತು. ತರಕಾರಿ ಕೊಳ್ಳುವಾಗಲೂ, ಹೆಂಡತಿ ರತ್ನಮ್ಮತ್ತೆಯ ಮೇಲೆ ಸಿಟ್ಟಾದಾಗಲೂ ಅದೇ ಪಿಸುದನಿ. "ಯಾಕ್ ಮಾಮ ಹಿಂಗ್ ಮಾತಾಡ್ತೀರಿ?" ಎಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದೆ. "ಜೋರಾಗ್ ಕೂಗೋಕೆ ಮಿಷಿನ್ ಐತಲ್ಲವ್ವ, ಗಂಟ್ಲು ಯಾಕ್ ಸವೆಸ್ಲಿ?" ಅಂದಿದ್ದರು, ಅದನ್ನೂ ಪಿಸುಗುಟ್ಟಿಯೇ.

ಬಸ್ ಸ್ಟ್ಯಾಂಡಿನ ಪಕ್ಕ ಅವರ ಅಂಗಡಿ. ಮೇಲೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬರೆಸಿದ ಬೋರ್ಡು. ಒಳಗೆ ಒಂದರೊಳಗೊಂದು ಸೇರಿಸಿಟ್ಟ ಹಾರ್ನುಗಳು, ಆಂಪ್ಲಿಫಯರು, ಸುರುಳಿ ಸುತ್ತಿದ ವೈರುಗಳು, ಸೀಮೆಎಣ್ಣೆ ವಾಸನೆಯ ಜನರೇಟರು. ಮದುವೆ, ಗೃಹಪ್ರವೇಶ, ತಿಥಿ, ಓಟು ಕೇಳುವವರ ಆಟೋ, ಎಲ್ಲಕ್ಕೂ ಅವರದೇ ಮೈಕ್ ಸೆಟ್ಟು. ಗ್ರಾಮಫೋನ್ ಪ್ಲೇಟು ಹೋಗಿ ಕ್ಯಾಸೆಟ್ಟು ಬಂತು, ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಆಮೇಲೆ ಮೊಬೈಲು ಬಂತು. ಮಾಮ ಯಾವುದಕ್ಕೂ ಮುಖ ಸಿಂಡರಿಸಿದವರಲ್ಲ. ಹೊಸದು ಬಂದರೆ ಅವರಿಗೆ ಹಬ್ಬ. ತಿರುಗಿಸಿ ನೋಡುವರು, ಮೂಸಿ ನೋಡುವರು, ಕಿವಿಗೆ ಹಿಡಿದು ಅಲ್ಲಾಡಿಸುವರು. ಅವರಿಗಿದ್ದ ಒಂದೇ ಚಟವೆಂದರೆ "ಯಾಕೆ?" ಎಂದು ಕೇಳುವುದು. ಸಿಕ್ಕ ಉತ್ತರ ತಪ್ಪಾದರೂ ಅವರಿಗೆ ಖುಷಿಯೇ. ಇನ್ನೊಬ್ಬರನ್ನು ಕೇಳಲು ಒಂದು ನೆವ ಸಿಕ್ಕಿತಲ್ಲ!

ನಾನು ಹೊಸೂರಿನ ಹತ್ತಿರ ಮೊಬೈಲ್ ಬಿಡಿಭಾಗ ಮಾಡುವ ಕಂಪನಿಗೆ ಸೇರಿದ್ದು ಎಲ್ಲರ ಕೈಗೂ ಮೊಬೈಲು ಬಂದ ಮೇಲೆಯೇ. ಬೆಳಕಿನ ಕೆಳಗೆ ಕೂತು ಫೋನಿನ ಚೌಕಟ್ಟುಗಳಲ್ಲಿ ಗೀರು, ಕಲೆ ಇದೆಯೇ ಎಂದು ನೋಡುವುದು ನನ್ನ ಕೆಲಸ. ಕಂಪನಿ ಬಸ್ಸು ಮಾಮನ ಅಂಗಡಿ ಮುಂದೆಯೇ ನಿಲ್ಲುತ್ತಿತ್ತು. ಒಂದು ದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಾ ಹೊಸ ಫೋನು ಹಿಡಿದು ನಿಂತಿದ್ದೆ. ಮಾಮ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಲೆ ನೋಡಿದರು, ಕೆಳಗೆ ನೋಡಿದರು, ಪಕ್ಕಕ್ಕೆ ಹೊರಳಿಸಿದರು.

"ಪವಿ, ಪಿನ್ ಹಾಕೋ ತೂತು ಎಲ್ಲವ್ವ?"

"ಇಲ್ಲ ಮಾಮ. ಈಗಿನ ಫೋನ್‌ಗಳಲ್ಲಿ ಬರಲ್ಲ. ಚಾರ್ಜ್ ಮಾಡೋದು ಒಂದೇ ತೂತು."

"ಬರಲ್ಲ ಅಂದ್ರೆ? ಮುಚ್ಬುಟ್ರಾ? ಯಾಕೆ?"

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಆ ಚೌಕಟ್ಟುಗಳನ್ನು ಕೈಯಲ್ಲಿ ತಿರುಗಿಸಿದ್ದೆ, ಅಲ್ಲೊಂದು ತೂತು ಇರಬೇಕಿತ್ತು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಮಾಮನ ಹೊಟ್ಟೆಪಾಡೆಲ್ಲ ಆ ತೂತಿನಲ್ಲೇ ಇತ್ತು. ಯಾರ ಮದುವೆಯಾದರೂ ಅವರ ಫೋನಿಗೆ ಪಿನ್ ಚುಚ್ಚಿ, ಇನ್ನೊಂದು ತುದಿಯನ್ನು ಆಂಪ್ಲಿಫಯರಿಗೆ ಕೊಟ್ಟರೆ ಹಾರ್ನಿನಲ್ಲಿ ಹಾಡು. ಇನ್ನೊಬ್ಬರಾಗಿದ್ದರೆ ಕೆಲಸ ಕೆಟ್ಟಿತೆಂದು ಬೈಯುತ್ತಿದ್ದರು. ಮಾಮ ನನ್ನ ಕಡೆ ಬಗ್ಗಿ, ಗುಟ್ಟು ಹೇಳುವವರಂತೆ, "ನೀನು ಅಲ್ಲೇ ತಾನೆ ಇರೋದು? ಕೇಳ್ಕಂಡ್ ಬಾ," ಅಂದರು.

ಅಂದಿನಿಂದ ನನ್ನ ಪಾಡು ಕೇಳಬೇಡಿ. ಸಂಜೆ ಬಸ್ಸಿಳಿದರೆ ಸಾಕು, ಅಂಗಡಿಯ ಮೆಟ್ಟಿಲ ಮೇಲೆ ಮಾಮ ಕಾದಿರುತ್ತಿದ್ದರು. "ಏನಂದ್ರು?" ಯಾರಾದರೂ ಪಕ್ಕದಲ್ಲಿದ್ದರೆ ನನ್ನನ್ನು ತೋರಿಸಿ, "ನೋಡ್ರಪ್ಪ, ತೂತು ಮುಚ್ಚಿದ್ದು ಇವ್ಳೇ," ಎಂದು ನಗುತ್ತಿದ್ದರು. ನಾನೊಬ್ಬಳೇ ಅಲ್ಲ, ಸಿಕ್ಕವರನ್ನೆಲ್ಲ ಹಿಡಿದು, ಈ ತೂತು ಯಾಕೆ ತೆಗೆದರು ಎಂದು ಅವರವರ ಭಾಷೆಯಲ್ಲೇ ಕೇಳುವರು. ಟಮಾಟ ಲಾರಿಯ ತೆಲುಗಿನ ಡ್ರೈವರಿಗೆ "ಈ ಬೊಕ್ಕ ಎಂದುಕು ತೀಸೇಸಿನಾರು?" ತಾಲ್ಲೂಕು ಆಫೀಸಿನಿಂದ ಬಂದ ತಮಿಳಿನವರಿಗೆ "ಇಂದ ಓಟ್ಟೆಯ ಏನ್ ಎಡುತ್ತಾಂಗ ಸಾರ್?" ಡ್ರೈವರು, ನೀರು ಹೋಗದಿರಲಿ ಅಂತ, ಅಂದ. ಆಫೀಸಿನವರು, ಫೋನು ತೆಳ್ಳಗಾಗಲಿ ಅಂತ, ಅಂದರು. ಮೊಬೈಲ್ ಅಂಗಡಿಯವನು, "ವೈರಿಲ್ಲದ ಇಯರ್‌ಫೋನು ಮಾರೋಕೆ ಮಾಮ, ಇನ್ನೇನು," ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಮಾಮ ಎಲ್ಲರಿಗೂ ತಲೆಯಾಡಿಸಿದರು. ಯಾವುದನ್ನೂ ನಂಬಲಿಲ್ಲ, ಯಾವುದನ್ನೂ ತಳ್ಳಿಹಾಕಲೂ ಇಲ್ಲ.

ಕೊನೆಗೆ ನಾನೂ ಧೈರ್ಯ ಮಾಡಿ ನಮ್ಮ ಲೈನಿನ ಸೂಪರ್‌ವೈಸರ್ ಸೆಲ್ವಂ ಸಾರ್ ಅವರನ್ನು ಕೇಳಿದೆ. ಅವರು ನನ್ನನ್ನೇ ದಿಟ್ಟಿಸಿ, "ಅದೆಲ್ಲಾಂ ನಮಕ್ಕು ತೆರಿಯಾದುಮ್ಮಾ, ನಮಗೆ ಗೊತ್ತಿಲ್ಲ. ಡ್ರಾಯಿಂಗ್ ಮೇಲಿಂದ ಬರುತ್ತೆ. ಅದರಲ್ಲಿ ಓಟ್ಟೆ ಇದ್ರೆ ಹಾಕ್ತೀವಿ, ಇಲ್ದಿದ್ರೆ ಇಲ್ಲ," ಅಂದರು. ಹೋಗುತ್ತಾ ತಿರುಗಿ, "ಒಳಗೆ ಜಾಗ ಬೇಕಾಗಿರಬೇಕು," ಎಂದೂ ಸೇರಿಸಿದರು.

ಆ "ಜಾಗ" ಎಂಬ ಮಾತು ಮಾಮನಿಗೆ ಹಿಡಿಸಿಬಿಟ್ಟಿತು. ಮೊಬೈಲ್ ಅಂಗಡಿಯಿಂದ ಸತ್ತುಹೋದ ಎರಡು ಫೋನು ತಂದರು. ಒಂದು ತೂತಿರುವ ಹಳೆಯದು, ಇನ್ನೊಂದು ತೂತಿಲ್ಲದ ಹೊಸದು. ಭಾನುವಾರ ನನ್ನನ್ನೂ ಕೂರಿಸಿಕೊಂಡು, ಬಾಳೆ ಎಲೆ ಹಾಸಿ, ಎರಡನ್ನೂ ಬಿಚ್ಚಿದರು. ಬಿಚ್ಚುವಾಗ ಹೊಸದರ ಗಾಜು ಪುಡಿಪುಡಿಯಾಯಿತು. ಹಳೆಯದರಲ್ಲಿ ಪಿನ್ ಕೂರುವ ಗೂಡು ಇದ್ದ ಕಡೆ, ಹೊಸದರಲ್ಲಿ ಒಂದು ಕರಿಯ ಸ್ಪಂಜಿನ ಚೂರು, ಅದರ ಪಕ್ಕ ಬಟನ್ನಿನಷ್ಟು ದೊಡ್ಡದೊಂದು ಬಿಲ್ಲೆ. ಅದು ಫೋನನ್ನು ಗಡಗಡ ನಡುಗಿಸುವ ಮೋಟರು ಎಂದು ನಾನು ಹೇಳಿದೆ. ಮಾಮ ಆ ಬಿಲ್ಲೆಯನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಹಾಡೋ ಜಾಗ್ದಲ್ಲಿ ನಡುಕ ಇಟ್ಟವ್ರೆ ಕಣವ್ವ," ಎಂದು ಮಗುವಿನಂತೆ ನಕ್ಕರು. "ಆದ್ರೂ ಇಷ್ಟಕ್ಕೇ ಇರಲ್ಲ ಬಿಡು. ಇನ್ನೇನೋ ಐತೆ."

ಕಾರಣ ಹುಡುಕುತ್ತಾ ಕೂತರೆ ಅಂಗಡಿ ನಡೆಯಬೇಕಲ್ಲ. ಚಾರ್ಜಿನ ತೂತಿಗೆ ಸಿಕ್ಕಿಸುವ ಒಂದು ಗೇಣು ವೈರಿನ ಕನೆಕ್ಟರು ತಂದರು. ಅದು ಒಂದು ಫೋನಿಗೆ ಹಾಕಿದರೆ ಹಾಡುತ್ತಿತ್ತು, ಇನ್ನೊಂದಕ್ಕೆ ಹಾಕಿದರೆ ಮೂಗನಂತೆ ಕೂರುತ್ತಿತ್ತು. ಆಮೇಲೆ ಬ್ಲೂಟೂತಿನ ಒಂದು ಪುಟ್ಟ ಡಬ್ಬಿ ತಂದರು. ವೈರಿಲ್ಲ, ಪಿನ್ನಿಲ್ಲ, ಫೋನು ಯಾರದೋ ಕೈಯಲ್ಲಿರುತ್ತದೆ, ಹಾಡು ಹಾರ್ನಿನಲ್ಲಿ ಬರುತ್ತದೆ. ಮಾಮನಿಗೆ ಅದರ ಮೇಲೆ ಎಂಥ ಪ್ರೀತಿ! ಗುಮ್ಮಳಾಪುರದ ಮದುವೆಯವರೆಗೆ ಮಾತ್ರ.

ಆ ಮದುವೆಗೆ ನಾವೂ ಹೋಗಿದ್ದೆವು. ಬೆಳಿಗ್ಗೆ ದೇವರ ಹಾಡು ಹಾಕಲು ಅಡುಗೆ ಕೃಷ್ಣನ ಫೋನನ್ನು ಡಬ್ಬಿಗೆ ಜೋಡಿಸಿದ್ದರು. ಅವನು ಅದನ್ನು ಮರೆತು ಫೋನು ಜೇಬಿಗೆ ಹಾಕಿಕೊಂಡು ಓಡಾಡುತ್ತಿದ್ದ. ಧಾರೆ ಮುಗಿದು ಗಂಡಿನ ಕಡೆಯವರು ಊಟಕ್ಕೆ ಏಳುವ ಹೊತ್ತು. ಹುಣಸೆ ಮರಕ್ಕೆ ಕಟ್ಟಿದ್ದ ಹಾರ್ನುಗಳಲ್ಲಿ ಹಾಡು ನಿಂತುಹೋಗಿ, ಕೃಷ್ಣನಿಗೆ ಫೋನು ಮಾಡಿದ ಹೆಣ್ಣಿನ ಸೋದರಮಾವನ ಧ್ವನಿ ಊರಿಗೆಲ್ಲ ಮೊಳಗಿತು:

"ಲೇ ಕೃಷ್ಣ, ಗಂಡಿನ್ ಕಡೆಯೋರು ದಂಡಿಯಾಗ್ ಬಂದವ್ರೆ ಕಣ್ಲಾ. ಒಬ್ಬಟ್ಟು ಒಂದೊಂದೇ ಹಾಕು. ಎರಡ್ನೇ ಸಲ ಆ ಸಾಲಿನ್ ಕಡೆ ತಲೆ ಹಾಕ್ಬೇಡ. ಕರುದ್ರೆ ಕೇಳಿಸ್ನಿಲ್ಲ ಅನ್ನು!"

ಚಪ್ಪರದ ಹಿಂದಿನಿಂದ ಕೃಷ್ಣ "ಆಯ್ತಣ್ಣ" ಎಂದು ಕೂಗಿದ್ದೂ ಎಲ್ಲರಿಗೂ ಕೇಳಿಸಿತು.

ಗಂಡಿನ ಕಡೆಯ ಹಿರಿಯರು ಟವಲು ಕೊಡವಿ ಎದ್ದರು. "ಏನಂತ ತಿಳ್ಕಂಡವ್ನೆ ಅವ್ನು?" ಎಂದೊಬ್ಬ, "ನಡೀರ್ಲಾ ಬಸ್ಸತ್ತಿ," ಎಂದಿನ್ನೊಬ್ಬ. ಹೆಣ್ಣಿನ ಅಪ್ಪನ ಮುಖ ಸುಣ್ಣದಂತಾಗಿತ್ತು. ಹುಡುಗಿ ಬಾಸಿಂಗದ ಕೆಳಗೆ ಅಳಲು ಶುರು ಮಾಡಿದಳು. ಮಾಮ ಓಡಿಬಂದು ಡಬ್ಬಿಯ ವೈರು ಕಿತ್ತರು. ಮೈಕು ಕೈಗೆತ್ತಿಕೊಂಡರು. ಆ ಮನುಷ್ಯ ಮೈಕಿನಲ್ಲಿ "ಹಲೋ ಹಲೋ" ಬಿಟ್ಟು ಬೇರೇನಾದರೂ ಹೇಳಿದ್ದನ್ನು ನಾನು ಅಂದೇ ಕೇಳಿದ್ದು.

"ಗಂಡಿನ್ ಕಡೆಯೋರೇ, ಒಸಿ ನಿಂತ್ಕಳಿ. ಇದು ನನ್ ಡಬ್ಬಿ ಮಾಡಿದ್ ಕೆಲ್ಸ. ಎಲ್ಲಾರ್ ಮದ್ವೇಲೂ ಹೆಣ್ಣಿನ್ ಕಡೆಯೋರು ಇದೇ ಮಾತ ಆಡ್ತಾರೆ, ಕೇಳಿಸಲ್ಲ ಅಷ್ಟೇಯ. ಇವತ್ತು ಕೇಳಿಸ್ತು. ಒಳ್ಳೇದೇ ಆಯ್ತಲ್ಲ? ಇಡೀ ಗುಮ್ಮಳಾಪುರ ನೋಡ್ತಾ ಐತೆ. ಇನ್ನ ಅವ್ರು ಎರಡೆರಡು ಹಾಕ್ದೆ ಹೋದ್ರೆ ಕೇಳಿ. ಬನ್ನಿ, ಕೂತ್ಕಳಿ."

ಮೊದಲು ನಕ್ಕದ್ದು ಗಂಡಿನ ತಾತ. ಅವರು ನಕ್ಕ ಮೇಲೆ ಉಳಿದವರು ಸಿಟ್ಟು ಹಿಡಿದು ನಿಲ್ಲುವುದು ಕಷ್ಟವಾಯಿತು. ಸೋದರಮಾವನೇ ಒಬ್ಬಟ್ಟಿನ ಬುಟ್ಟಿ ಹೊತ್ತು, ತಲೆ ತಗ್ಗಿಸಿ, ಆ ಸಾಲಿಗೆ ಬಡಿಸಿದ. ವಾಪಸು ಬರುವಾಗ ಮಾಮ ಟೆಂಪೋದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ತಂತಿ ಇದ್ದಿದ್ರೆ ಅದರ ಹಿಂದೆನೇ ಹೋಗಿ ಯಾರ್ ಮಾತಾಡ್ತಾವ್ರೆ ಅಂತ ಹಿಡೀಬೋದಾಗಿತ್ತು. ಇದರಲ್ಲಿ ಯಾವ್ ಕಡೆಯಿಂದ ಬಂತು ಅಂತ್ಲೇ ತಿಳೀನಿಲ್ಲವಲ್ಲ!" ಅಂದರು. ಬೇಜಾರಿಗಿಂತ ಬೆರಗೇ ಹೆಚ್ಚಿತ್ತು ಆ ಮಾತಿನಲ್ಲಿ.

ಮುಂದಿನ ವರ್ಷ ನಮ್ಮಜ್ಜಿ ತೀರಿಕೊಂಡಳು. ಊರಿನ ಮದುವೆಗಳಲ್ಲೆಲ್ಲ ಸೋಬಾನೆ ಹಾಡುತ್ತಿದ್ದವಳು ಅವಳು. ಅವಳು ಹಾಸಿಗೆ ಹಿಡಿಯುವ ಮುಂಚೆ ಒಂದು ಸಂಜೆ, ನಾವಿಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಅವಳ ಹಾಡೊಂದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ತಿಥಿಯ ದಿನ ಅಪ್ಪ, "ಅವ್ವನ ಹಾಡು ಎಲ್ರೂ ಒಂದ್ಸಲ ಕೇಳ್ಲಿ," ಅಂದ. ಫೋನು ಮಾಮನ ಕೈಗೆ ಕೊಟ್ಟೆ. ಕನೆಕ್ಟರು ನನ್ನ ಫೋನಿಗೆ ಒಗ್ಗಲಿಲ್ಲ. "ಆ ಬ್ಲೂಟೂತ್ ಡಬ್ಬಿ ಇಲ್ವಾ ಮಾಮ?" ಎಂದು ಕೇಳಿದೆ.

"ಐತೆ. ಹಾಕಲ್ಲ," ಅಂದರು. "ನಿಮ್ಮಜ್ಜಿ ಹಾಡ್ತಾ ಇರೋವಾಗ ಯಾವನೋ ಟಮಾಟ ರೇಟ್ ಕೇಳ್ಬುಟ್ರೆ?"

ಸ್ವಲ್ಪ ಯೋಚಿಸಿ, ಮಣೆಯ ಮೇಲೆ ಫೋನು ಮಲಗಿಸಿ, ಅದರ ಬಾಯಿಗೆ ಮೈಕು ಹಿಡಿದರು. ಮೊದಲ ಸಲ ಹಾರ್ನು ಕೀ ಎಂದು ಕಿರುಚಿತು. ಎರಡನೆಯ ಸಲ ಪಾತ್ರೆಯ ಸದ್ದು, ಫ್ಯಾನಿನ ಗಾಳಿ, ಜನರ ಹರಟೆಯೇ ದೊಡ್ಡದಾಗಿ ಕೇಳಿಸಿತು. ಅಜ್ಜಿಯ ಧ್ವನಿ ಅದರಡಿಯಲ್ಲಿ ಎಲ್ಲೋ ಮುಳುಗಿಹೋಯಿತು. ಆಗ ಮಾಮ ಮೈಕು ಕೆಳಗಿಟ್ಟು ಎದ್ದರು. ಅಡುಗೆಯವರ ಹತ್ತಿರ ಹೋಗಿ ಏನೋ ಪಿಸುಗುಟ್ಟಿದರು, ಸೌಟು ನಿಂತಿತು. ಫ್ಯಾನು ಆರಿಸಿದರು. ಹರಟುತ್ತಿದ್ದ ಒಂದೊಂದು ಗುಂಪಿನ ಮುಂದೂ ಬಗ್ಗಿ, ಕೈಮುಗಿದು, "ಒಸಿ ಹೊತ್ತು," ಅಂದರು. ನೋಡನೋಡುತ್ತಾ ಇಡೀ ಶಾಮಿಯಾನ ಸುಮ್ಮನಾಯಿತು. ನಮ್ಮ ಕಡೆ ಮೈಕು ಹಾಕಿದ ಜಾಗದಲ್ಲಿ ಯಾರೂ ಸುಮ್ಮನಿರುವುದಿಲ್ಲ. ಅಷ್ಟು ಜನ ಹಾಗೆ ಕಿವಿಗೊಟ್ಟು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಜ್ಜಿ ಹಾಡಿದಳು. ಹಾಡಿನ ನಡುವೆ ಅವರೆಕಾಯಿ ಸುಲಿಯುವ ಸಣ್ಣ ಸದ್ದೂ ಹಾರ್ನಿನಲ್ಲಿ ಬರುತ್ತಿತ್ತು. ಅರ್ಧ ಹಾಡಾದ ಮೇಲೆ ಅವಳಿಗೆ ಸಾಲು ಮರೆತಿತ್ತು. "ಮುಂದ್ಕೆ ಏನೇ ಅದು... ನಾಲ್ಗೆ ಮೇಲೇ ಐತೆ..." ಎಂದು ತಡವರಿಸಿದಳು. ಅವಳ ಜೊತೆಗಾತಿ ತಿಮ್ಮಕ್ಕ ಮೈಕಿನ ಹತ್ತಿರವೇ ಕೂತಿದ್ದಳು. ಇಬ್ಬರೂ ಆಯುಷ್ಯವೆಲ್ಲ ಜೋಡಿಯಾಗಿ ಹಾಡಿದವರು. ಎಲ್ಲಿದ್ದೇನೆ ಎಂಬುದನ್ನೇ ಮರೆತು ತಿಮ್ಮಕ್ಕ ಆ ಸಾಲನ್ನು ಹಾಡಿಯೇ ಬಿಟ್ಟಳು. ತೆರೆದಿದ್ದ ಮೈಕು ಅದನ್ನೂ ಹಿಡಿದು ಹಾರ್ನಿಗೆ ಕೊಟ್ಟಿತು. ಅವಳು ಮುಗಿಸುವುದಕ್ಕೂ ಫೋನಿನೊಳಗಿಂದ ಅಜ್ಜಿ, "ಹಾ, ಅದೇ ಕಣೇ," ಅನ್ನುವುದಕ್ಕೂ ಸರಿಹೋಯಿತು.

ಹಾಡು ಹಿಡಿದಿಟ್ಟ ದಿನ ಅಜ್ಜಿಗೆ ಸಾಲು ತಾನಾಗಿಯೇ ನೆನಪಾಗಿತ್ತು. "ಅದೇ ಕಣೇ" ಅಂದದ್ದು ನನಗೆ. ಅದು ನನಗೆ ಗೊತ್ತಿತ್ತು. ಆದರೂ ಮೈ ಜುಮ್ಮೆಂದಿತು. ತಿಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಇಬ್ಬರೂ ಕೂಡಿಯೇ ಹಾಡು ಮುಗಿಸಿದರು. ಅಪ್ಪ ಶಾಮಿಯಾನದ ಕಂಬ ಹಿಡಿದು ಆ ಕಡೆ ತಿರುಗಿ ನಿಂತುಬಿಟ್ಟ.

ಸಾಮಾನು ಕಟ್ಟುವಾಗ ಮಾಮ ನನ್ನನ್ನು ಕರೆದರು. "ಪಿನ್ ಹಾಕಿದ್ರೆ ನಿಮ್ಮಜ್ಜಿ ಒಬ್ಳೇ ಹಾಡ್ತಿದ್ಲು ಅಲ್ವಾ?" ಅಂದರು. ಅವರು ವೈರು ಸುತ್ತುತ್ತಾ ತಮ್ಮಷ್ಟಕ್ಕೆ, "ತಿಮ್ಮಕ್ಕ ಸರ್ಯಾಗಿ ಆ ಹೊತ್ಗೇ ಹೆಂಗ್ ಹೇಳಿದ್ಲು?" ಎಂದುಕೊಳ್ಳುತ್ತಿದ್ದರು.

ಕಳೆದ ಕಾರ್ತಿಕದಲ್ಲಿ ಮಾಮನಿಗೆ ಎದೆನೋವು ಬಂತು. ಹೊಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ಕೆಲಸ ಮುಗಿಸಿಕೊಂಡು ನೋಡಲು ಹೋದೆ. ಎದೆಯ ಮೇಲೆ, ಪಕ್ಕೆಯ ಮೇಲೆ ಬಿಲ್ಲೆಗಳನ್ನು ಅಂಟಿಸಿ, ಅವುಗಳಿಂದ ಬಣ್ಣಬಣ್ಣದ ವೈರುಗಳನ್ನು ಮಂಚದ ತಲೆಯ ಕಡೆಯಿದ್ದ ಮಿಷಿನ್ನಿಗೆ ಎಳೆದಿದ್ದರು. ಪರದೆಯ ಮೇಲೆ ಹಸಿರು ಗೆರೆ ಕುಣಿಯುತ್ತಿತ್ತು. ಮಾಮ ನರ್ಸಮ್ಮನನ್ನು ಆಗಲೇ ತಮಿಳಿನಲ್ಲಿ ವಿಚಾರಿಸಿಕೊಂಡಿದ್ದರಂತೆ, ಕೆಂಪು ಯಾವುದಕ್ಕೆ, ಹಳದಿ ಯಾವುದಕ್ಕೆ ಎಂದು. ರತ್ನಮ್ಮತ್ತೆ, "ಸುಮ್ಕೆ ಮಲೀಕಳಿ ಅಂದ್ರೆ ಕೇಳಲ್ಲ ನೋಡು," ಎಂದು ಕಣ್ಣೊರೆಸಿಕೊಂಡಳು.

ಮಾಮ ಬೆರಳಿನಿಂದ ಕರೆದರು. ಬಗ್ಗಿ ಕಿವಿ ಕೊಟ್ಟೆ.

"ಪವಿ, ಇಷ್ಟ್ ದೊಡ್ಡ ಆಸ್ಪತ್ರೆ. ಇಲ್ಲಿ ಇನ್ನೂ ತಂತಿ ಇಟ್ಟವ್ರೆ ನೋಡು. ಫೋನಲ್ಲಿ ತೆಗುದ್ರು, ಇದರಲ್ಲಿ ಯಾಕ್ ತೆಗೀನಿಲ್ಲ? ನಿಮ್ ಕಂಪನೀಲಿ ಕೇಳವ್ವ."

"ಕೇಳ್ತೀನಿ ಮಾಮ. ನೀವು ಮೊದ್ಲು ಹುಷಾರಾಗಿ," ಅಂದೆ.

ಅದೇ ಕೊನೆ. ಆ ವಾರ ಮುಗಿಯುವುದರೊಳಗೆ ಮಾಮ ಹೋಗಿಬಿಟ್ಟರು. ಅಂಗಡಿಯನ್ನು ಈಗ ಹೂವಿನವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಸಂಜೆ ಬಸ್ಸಿಳಿದರೆ ಮೆಟ್ಟಿಲ ಮೇಲೆ ಸೇವಂತಿಗೆ ರಾಶಿ ಇರುತ್ತದೆ. "ಏನಂದ್ರು?" ಎಂದು ಕೇಳುವವರಿಲ್ಲ.

ಮೊನ್ನೆ ಊಟದ ಬಿಡುವಿನಲ್ಲಿ ಸೆಲ್ವಂ ಸಾರ್ ಎದುರಿಗೆ ಕೂತಿದ್ದರು. ಏನನ್ನಿಸಿತೋ, ಕೇಳಿಬಿಟ್ಟೆ: "ಸಾರ್, ಫೋನಲ್ಲಿ ವೈರು ತೆಗೆದರಲ್ಲ, ಆಸ್ಪತ್ರೆಯಲ್ಲಿ ಎದೆ ನೋಡುವ ಮಿಷಿನ್ನಿಗೆ ಇನ್ನೂ ಯಾಕೆ ಇಟ್ಟಿದ್ದಾರೆ?" ಈ ಸಲ ಅವರು "ತೆರಿಯಾದು" ಎಂದು ಕೈಯಾಡಿಸಲಿಲ್ಲ. ತುತ್ತು ಹಿಡಿದ ಕೈ ಹಾಗೇ ನಿಂತಿತು.

"ಒಳ್ಳೆ ಕೇಳ್ವಿಮ್ಮಾ, ಒಳ್ಳೆ ಪ್ರಶ್ನೆ," ಅಂದರು. "ಯಾರ್ ಕೇಟ್ಟಾಂಗ? ಯಾರು ಕೇಳಿದ್ದು?"

"ನಮ್ಮೂರಿನ ಮಾಮ ಒಬ್ಬರು ಸಾರ್."

"ವಿಚಾರಿಸಿ ಹೇಳ್ತೀನಿ. ಅವರಿಗೆ ಹೇಳು, ಸ್ವಲ್ಪ ಟೈಮ್ ಕೊಡ್ಲಿ."

"ಆಯ್ತು ಸಾರ್, ಹೇಳ್ತೀನಿ," ಅಂದೆ.