ಅಣ್ಣನ ಎಡೆಯ ಬೀಡಿ

ಹೊಗೆಗೆ ಬಾಯಿಲ್ಲವೆಂಬುದು ಲೋಕವೇ ಒಪ್ಪಿದ ಸತ್ಯ. ಟಿ.ವಿ.ಯವರಿಗೆ ಮಾತ್ರ ಇದು ತಿಳಿದಿಲ್ಲ. ಧಾರಾವಾಹಿಯ ಮೊನ್ನೆಯ ಕಂತಿನಲ್ಲಿ, ಮುಂದಿನ ಶತಮಾನದ ಸಿಗರೇಟು ಸೇದಿದವರ ಎದೆಯೊಳಗೆ ಹೊಗೆ ಜೀವ ತಳೆದು, ಸತ್ತವರ ದನಿಯಲ್ಲಿ ಮಾತಾಡಿತು.

"ಹೊಗಿ ಮಾತಾಡುದ್ ಎಲ್ಲಾದ್ರೂ ಇತ್ತಾ ಮರ್ರೆ?" ಎಂದು, ಟಿ.ವಿ. ನೋಡಲು ಬಂದಿದ್ದ ನೆರೆಮನೆಯ ಶೀನ ನಕ್ಕ. ನಾನೂ ಬೀಡಿ ಹಚ್ಚಿಕೊಂಡು, ಶುದ್ಧ ಸುಳ್ಳೆಂದು ತೀರ್ಪು ಕೊಟ್ಟೆ. ಅತ್ತಿಗೆ ಮಾತ್ರ ಟಿ.ವಿ.ಯನ್ನೇ ನೋಡುತ್ತಿದ್ದರು.

ಮರುದಿನ ಮುಸ್ಸಂಜೆ ಅಣ್ಣನಿಗೆ ಎಡೆ. ಬೀಡಿ ಸೇದಿಯೇ ಎದೆ ಕೆಟ್ಟು ತೀರಿಹೋದವನು. ಆದರೂ ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕಲ್ಲ. ಎಲೆಯ ಮೇಲೆ ಮೀನುಸಾರಿನ ಪಕ್ಕ ಒಂದು ಕಟ್ಟು ಬೀಡಿ ಇಟ್ಟು, ಅವನು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಎಲ್ಲರೂ ಚಾವಡಿಯ ಕತ್ತಲಲ್ಲಿ ಕುಳಿತೆವು. ಎಡೆ ತೆಗೆದ ಮೇಲೆ ಆ ಕಟ್ಟು ಪ್ರತಿವರ್ಷ ನನ್ನ ಪಾಲು.

ಆಗ ಅಣ್ಣನ ಕೆಮ್ಮು ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಸಣ್ಣ ಸಿಳ್ಳೆ.

"ಕೇಂತಾ? ಅವ್ರ್ ಬಂದ್ರ್," ಎಂದು ಅತ್ತಿಗೆ ಮುಚ್ಚಿದ ಬಾಗಿಲಿಗೆ ಕೈಮುಗಿದರು.

ಕೆಮ್ಮು ಒಳಗಿನಿಂದ ಬಂದದ್ದಲ್ಲ. ಅತ್ತಿಗೆಯ ಹಿಂದೆ, ಕಂಬದ ಮರೆಯಲ್ಲಿ ಕುಳಿತು ತಡೆಯಲಾಗದೆ ಕೆಮ್ಮಿದವನು ನಾನು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಬೀಡಿಕಟ್ಟು ಇನ್ನೂ ಆ ಕೋಣೆಯಲ್ಲೇ ಇದೆ. ಈ ವರ್ಷ ನಾನು ಅದನ್ನು ತೆಗೆದುಕೊಂಡಿಲ್ಲ.