ರಾಬಿಗೊಂದು ಪರವಾನಗಿ

ಇಪ್ಪತ್ತರ ದಶಕದಲ್ಲಿ ನಾನು ಖಾನಾಪುರದ ಜಂಗಲ್ ಖಾತೆಯಲ್ಲಿ ಕಾರಕೂನನಾಗಿದ್ದೆ. ಆಗ ಕಾಯದೆಯ ಮೇಲೆ ನನಗಿದ್ದ ಭಕ್ತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬೆಳಗಾವಿಗೆ ಹೊಂದಿಕೊಂಡ ಶಹಾಪುರದ ನೇಕಾರರ ಮನೆಯಿಂದ ಬಂದವನಿಗೆ ಗಿಡವೂ ಗೊತ್ತಿಲ್ಲ, ಗದ್ದೆಯೂ ಗೊತ್ತಿಲ್ಲ. ಗೊತ್ತಿದ್ದುದು ಅಕ್ಷರ ಒಂದೇ.

ಅಲ್ಲಿಯ ರೈತರು ಭತ್ತದ ಸಸಿಮಡಿಯ ಮೇಲೆ ಒಣಗಿದ ಟೊಂಗೆ, ತರಗೆಲೆ ಹರಡಿ ಬೇಸಿಗೆಯಲ್ಲಿ ಸುಡುತ್ತಾರೆ. ಅದಕ್ಕೆ ರಾಬು ಎನ್ನುತ್ತಾರೆ. ಸುಡದ ಮಡಿಯಲ್ಲಿ ಕಳೆಯೇ ಹೆಚ್ಚು; ಸಸಿ ಕೆಟ್ಟರೆ ವರ್ಷದ ಅಕ್ಕಿ ಕೆಟ್ಟಿತು. ನಮ್ಮ ಖಾತೆ ಕಾಡಿನ ಗಡಿಗೆ ಹೊಸ ಕಲ್ಲು ನೆಟ್ಟಾಗ ಒಬ್ಬ ಮುದುಕ ರೈತನ ಗಿಡಗಳೆಲ್ಲ ಗಡಿಯೊಳಗೆ ಸೇರಿದವು. ಶಿವರಾತ್ರಿಯ ಸುಮಾರಿಗೆ ಅವನು ಕೊಡಲಿ ಹೊತ್ತು ನಮ್ಮ ಕಚೇರಿಯ ಮುಂದೆಯೇ ಹೊರಟಿದ್ದ. ಕರೆದು ಗದರಿಸಿದೆ.

"ಕಾಕಾ, ಕದ್ದು ಕಡೀಬ್ಯಾಡ್ರಿ. ಅರ್ಜಿ ಕೊಡ್ರಿ, ಪರವಾನಗಿ ಬರತೈತಿ."

"ಗಿಡಾ ನಮ್ಮಪ್ಪ ಬೆಳಸಿದ್ದು ರೀ," ಎಂದ. "ಆದ್ರ ನೀವು ಹೇಳ್ತೀರಿ ಅಂದ್ರ ಕೊಡ್ತೀನಿ."

ಅರ್ಜಿಯನ್ನು ನಾನೇ ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಅದು ಬೆಳಗಾವಿಯ ದೊಡ್ಡ ಕಚೇರಿಗೆ ಹೋಯಿತು. ಗಡಿಯೊಳಗಿನ ಟೊಂಗೆಗೆ ಅಲ್ಲಿಯ ಸಾಹೇಬರ ಸಹಿಯೇ ಬೇಕು. ಹೋಳಿ ಆಯಿತು, ಯುಗಾದಿ ಆಯಿತು. ಮುದುಕ ಪ್ರತಿ ಸಂತೆಯ ದಿನ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಬರಬರುತ್ತ ಕೇಳುವುದನ್ನೂ ಬಿಟ್ಟ.

ರಜೆಗೆ ಊರಿಗೆ ಹೋದಾಗ ದೊಡ್ಡ ಕಚೇರಿಯ ಹೆಡ್ ಕಾರಕೂನರ ಮುಂದೆ ನಿಂತೆ.

"ಸಾಹೇಬ್ರು ಕ್ಯಾಂಪಿಗೆ ಹೋಗ್ಯಾರ. ನಿನಗ್ಯಾಕ ಇಷ್ಟು ತಲಿಬ್ಯಾನಿ?" ಎಂದರು.

ಅವರ ಮೇಜಿನ ಮೇಲಿನ ಕಟ್ಟಿನಲ್ಲಿ ನನ್ನ ಅಕ್ಷರ ಕಾಣುತ್ತಿತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ನಮಸ್ಕಾರ ಮಾಡಿ ಹೊರಗೆ ಬಂದೆ.

ಅಷ್ಟರಲ್ಲಿ ಕದ್ದು ಕಡಿದವರ ಗದ್ದೆಗಳಲ್ಲಿ ರಾಬಿನ ಹೊಗೆ ಎದ್ದಿತ್ತು. "ಈಗರೆ ಕಡೀಲೇನ್ರಿ?" ಎಂದು ಮುದುಕ ಕೇಳಿದ. ನೌಕರಿ ಹೋದೀತೆಂಬ ಅಂಜಿಕೆ ನನಗೆ. "ಇನ್ನೆಂಟು ದಿನ ತಡೀರಿ," ಎಂದೆ. ಆ ಮಾತು ಯಾಕಾದರೂ ಆಡಿದೆನೋ.

ಪರವಾನಗಿ ಬಂದದ್ದು ಜೂನಿನಲ್ಲಿ, ಮಿರಗದ ಮಳೆ ಹಿಡಿದ ಮೂರನೆಯ ದಿನ. ಸಹಿ, ಶಿಕ್ಕಾ ಎಲ್ಲ ಸರಿಯಾಗಿತ್ತು. ಮುದುಕನ ಮಡಿಯಲ್ಲಿ ನೀರು ನಿಂತಿತ್ತು. ಅವನು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಇದನ್ನ ಈಗ ಯಾರಿಗೆ ತೋರಸ್ಲಿ, ಸಾಹೇಬ್ರ? ಮಳಿಗೆ ತೋರಸ್ಲೇನು?"

ಕೊಂಕಿರಲಿಲ್ಲ, ನಿಜವಾಗಿಯೇ ಕೇಳಿದ್ದ. ನಾನು ರಿಜಿಸ್ಟರು ತೆರೆದೆ. ಪರವಾನಗಿ ಮುಟ್ಟಿತೆಂದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡೆ.